ಗುಸ್ತಾವೊ ಆಯೋನ್ ಹಿಂದಿರುಗಿದ್ದು ಎಲ್ಲಿಗೆ?

2014ರ ಸೆಪ್ಟೆಂಬರ್ 6ರಂದು ಬಾರ್ಸಿಲೋನಾದ ಪಾಲಾವ್ ಸಾಂತ್ ಜೋರ್ದಿ ಕ್ರೀಡಾಂಗಣದಲ್ಲಿ ಬ್ಯಾಸ್ಕೆಟ್‌ಬಾಲ್ ವಿಶ್ವಕಪ್‌ನ ಪ್ರಿ-ಕ್ವಾರ್ಟರ್ ಫೈನಲ್ ಪಂದ್ಯವೊಂದು ನಡೆಯಿತು. ಅಮೆರಿಕ 86, ಮೆಕ್ಸಿಕೊ 63. ಈ ಫಲಿತಾಂಶವನ್ನು ಊಹಿಸಲು ಯಾವ ಜ್ಯೋತಿಷಿಯೂ ಬೇಕಿರಲಿಲ್ಲ. ಒಂದು ಕಡೆ ಸ್ಟೆಫ್ ಕರಿ, ಕ್ಲೇ ಥಾಂಪ್ಸನ್, ಆಂಥನಿ ಡೇವಿಸ್, ಡಿಮಾರ್ಕಸ್ ಕಸಿನ್ಸ್ ಇದ್ದ ತಂಡ. ಇನ್ನೊಂದು ಕಡೆ ನಲವತ್ತು ವರ್ಷಗಳ ನಂತರ ವಿಶ್ವಕಪ್‌ನ ಅಂಗಳಕ್ಕೆ ಕಾಲಿಟ್ಟಿದ್ದ ತಂಡ. ಆದರೆ ಆ 63 ಅಂಕಗಳಲ್ಲಿ 25 ಅಂಕಗಳು ಒಬ್ಬರೇ ಆಟಗಾರನ ಕೈಯಿಂದ ಬಂದಿದ್ದವು, ಮತ್ತು ಅಮೆರಿಕದ ಎತ್ತರದ ಆಟಗಾರರ ನಡುವೆ ನುಸುಳಿ ಆ ಅಂಕಗಳನ್ನು ಗಳಿಸಿದ ಗುಸ್ತಾವೊ ಆಯೋನ್ ಅವರಿಗೆ ಆ ಹೊತ್ತಿನಲ್ಲಿ ಆಡಲು ಒಂದು ಕ್ಲಬ್ ಕೂಡ ಇರಲಿಲ್ಲ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಅವರ ಒಪ್ಪಂದ ಮುಗಿದುಹೋಗಿತ್ತು. ಹೊಸದು ಇನ್ನೂ ಕೈಗೆ ಬಂದಿರಲಿಲ್ಲ.

ಈ ಪಂದ್ಯವನ್ನು ನಾನು ನೋಡಿದ್ದು ಬಹಳ ತಡವಾಗಿ, ಧ್ವನಿಮುದ್ರಣ ಸರಿಯಿಲ್ಲದ ಒಂದು ವೀಡಿಯೊದಲ್ಲಿ. ಅದಕ್ಕೂ ಮೊದಲು ಆಯೋನ್ ಎಂಬ ಹೆಸರು ನನಗೆ ಗೊತ್ತಿದ್ದದ್ದು ಎನ್‌ಬಿಎಯ ಅಂಕಿಅಂಶಗಳ ಪುಟದಲ್ಲಿನ ಕೆಲವು ಸಾಲುಗಳಾಗಿ ಮಾತ್ರ: ಮೂರು ಋತುಗಳು, ನಾಲ್ಕು ತಂಡಗಳು, ನ್ಯೂ ಆರ್ಲಿಯನ್ಸ್, ಆರ್ಲ್ಯಾಂಡೊ, ಮಿಲ್ವಾಕಿ, ಅಟ್ಲಾಂಟಾ. ಅಂಥ ಸಾಲುಗಳನ್ನು ಓದುವ ಅಭ್ಯಾಸವಿರುವವರಿಗೆ ಅದರ ಅರ್ಥ ತಕ್ಷಣ ಹೊಳೆಯುತ್ತದೆ. ಎಲ್ಲಿಯೂ ನೆಲೆ ಕಾಣದ, ಬೆಂಚಿನ ಕೊನೆಯಲ್ಲಿ ಕುಳಿತು ಹೋದ ಇನ್ನೊಬ್ಬ ಆಟಗಾರ ಎಂದು ನಾನೂ ಹಾಗೆಯೇ ಓದಿಕೊಂಡಿದ್ದೆ. ಆ ಓದು ಎಷ್ಟು ತಪ್ಪಾಗಿತ್ತು, ಯಾಕೆ ತಪ್ಪಾಗಿತ್ತು ಎಂಬುದನ್ನು ನನಗೇ ಸ್ಪಷ್ಟಪಡಿಸಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಆಯೋನ್ ಹುಟ್ಟಿದ್ದು 1985ರ ಏಪ್ರಿಲ್ 1ರಂದು, ಮೆಕ್ಸಿಕೊದ ಪೆಸಿಫಿಕ್ ಕರಾವಳಿಯ ನಯಾರಿತ್ ರಾಜ್ಯದಲ್ಲಿ. ಬೆಳೆದದ್ದು ಕೊಂಪೊಸ್ತೆಲಾ ಪ್ರದೇಶದ ಸಪೋತಾನ್ ಎಂಬ ಸಣ್ಣ ಊರಿನಲ್ಲಿ. ಮೆಕ್ಸಿಕೊ ಎಂದರೆ ಫುಟ್‌ಬಾಲ್ ಎಂದು ನಾವು ದೂರದಿಂದ ಅಂದುಕೊಳ್ಳುತ್ತೇವೆ. ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಆ ದೇಶದ ಬ್ಯಾಸ್ಕೆಟ್‌ಬಾಲ್‌ಗೆ ಬಹಳ ಹಳೆಯ ಒಂದು ನೆನಪಿದೆ. ಈ ಆಟ ಮೊದಲ ಬಾರಿಗೆ ಒಲಿಂಪಿಕ್ ಪದಕದ ಸ್ಪರ್ಧೆಯಾದ 1936ರ ಬರ್ಲಿನ್ ಕೂಟದಲ್ಲಿ, ಟೆನಿಸ್‌ಗೆಂದು ಮಾಡಿದ್ದ ಬಯಲಿನ ಮಣ್ಣಿನ ಅಂಗಳದಲ್ಲಿ, ಪೋಲೆಂಡನ್ನು 26–12ರಿಂದ ಸೋಲಿಸಿ ಮೆಕ್ಸಿಕೊ ಕಂಚು ಗೆದ್ದಿತ್ತು. ಆ ಪದಕದ ಪಕ್ಕದಲ್ಲಿ ನಿಲ್ಲಿಸಲು ಇನ್ನೊಂದು ಒಲಿಂಪಿಕ್ ಪದಕ ಇಂದಿಗೂ ಆ ತಂಡಕ್ಕೆ ಸಿಕ್ಕಿಲ್ಲ. ಒಂದು ದೇಶದ ಆಟದ ಅತ್ಯಂತ ಹೊಳೆಯುವ ಕ್ಷಣ ಅದರ ಆರಂಭದಲ್ಲಿಯೇ ಬಂದು ಹೋದರೆ, ನಂತರ ಬರುವ ಪ್ರತಿಯೊಬ್ಬ ಆಟಗಾರನ ಹೆಗಲ ಮೇಲೆ ಅಜ್ಜನ ಕಾಲದ ಆಸ್ತಿಯ ಲೆಕ್ಕ ಕೂತಿರುತ್ತದೆ.

2.08 ಮೀಟರ್ ಎತ್ತರದ ಆಯೋನ್ ವೃತ್ತಿ ಆರಂಭಿಸಿದ್ದು ವೆರಾಕ್ರೂಸ್ ರಾಜ್ಯದ ಹಲಾಪಾ ನಗರದ ಹಲ್ಕೋನೆಸ್ ತಂಡದಲ್ಲಿ. ಹಲ್ಕೋನೆಸ್ ಎಂದರೆ ಗಿಡುಗಗಳು. ಅಟ್ಲಾಂಟಾ ತಂಡದ ಹೆಸರೂ ಗಿಡುಗವೇ ಆಗಿರುವುದರಿಂದ, ಇವರ ಎನ್‌ಬಿಎ ಪಯಣ ಕೊನೆಗೊಂಡದ್ದೂ ಗಿಡುಗಗಳ ಗೂಡಿನಲ್ಲಿಯೇ ಎಂದು ಮನಸ್ಸು ಒಂದು ಕ್ಷಣ ಆ ಕಡೆ ಹೊರಳುತ್ತದೆ. ಹಲಾಪಾದಿಂದ ಅವರು ಹೋದದ್ದು ಸ್ಪೇನ್‌ಗೆ, ಮ್ಯಾಡ್ರಿಡ್‌ನ ದಕ್ಷಿಣಕ್ಕಿರುವ ಫುಯೆನ್ಲಬ್ರಾದಾ ಕ್ಲಬ್‌ಗೆ. ಹೋದ ಕೂಡಲೇ ಅಲ್ಲಿನ ಮೊದಲ ದರ್ಜೆಯ ಲೀಗ್‌ನಲ್ಲಿ ಜಾಗ ಸಿಗಲಿಲ್ಲ. ಕೆಳಗಿನ ದರ್ಜೆಯ ತಂಡಗಳಿಗೆ ಎರವಲಾಗಿ ಕಳಿಸಲಾಯಿತು. ಎರವಲು ಎಂಬ ಮಾತು ನಮ್ಮಲ್ಲಿ ಪುಸ್ತಕಕ್ಕೂ ಪಾತ್ರೆಗೂ ಬಳಕೆಯಾಗುತ್ತದೆ. ಯುರೋಪಿನ ಕ್ರೀಡಾವ್ಯವಸ್ಥೆಯಲ್ಲಿ ಮನುಷ್ಯರಿಗೂ ಅನ್ವಯಿಸುತ್ತದೆ. ಇಪ್ಪತ್ತನಾಲ್ಕು ವರ್ಷದ, ಸ್ವದೇಶದ ಲೀಗ್‌ನಲ್ಲಿ ಹೆಸರು ಮಾಡಿದ್ದ ಆಟಗಾರ ಅದನ್ನು ಅವಮಾನವೆಂದು ತಿಳಿದು ಮನೆಗೆ ಮರಳಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆಯೋನ್ ಮರಳಲಿಲ್ಲ. 2010–11ರ ಹೊತ್ತಿಗೆ ಫುಯೆನ್ಲಬ್ರಾದಾದ ಬುಟ್ಟಿಯ ಕೆಳಗಿನ ಜಾಗ ಅವರದಾಗಿತ್ತು, ಮತ್ತು ಅಟ್ಲಾಂಟಿಕ್ ಸಾಗರದ ಆಚೆಯಿಂದ ಅದನ್ನು ಗಮನಿಸುತ್ತಿದ್ದವರೂ ಇದ್ದರು.

2011ರ ಡಿಸೆಂಬರ್‌ನಲ್ಲಿ, ಮಾಲೀಕರು ಮತ್ತು ಆಟಗಾರರ ನಡುವಿನ ಜಗಳದಿಂದ ತಿಂಗಳುಗಟ್ಟಲೆ ಬಾಗಿಲು ಮುಚ್ಚಿದ್ದ ಎನ್‌ಬಿಎ ಮತ್ತೆ ತೆರೆದಾಗ, ನ್ಯೂ ಆರ್ಲಿಯನ್ಸ್ ಹಾರ್ನೆಟ್ಸ್ ತಂಡ ಅವರನ್ನು ಕರೆಯಿತು. ಸ್ಪೇನಿನ ಋತು ಅರ್ಧ ದಾರಿಯಲ್ಲಿತ್ತು, ಒಪ್ಪಂದ ಜೀವಂತವಿತ್ತು. ಹಾಗಾಗಿ ಫುಯೆನ್ಲಬ್ರಾದಾಗೆ ಬಿಡುಗಡೆಯ ಹಣವಾಗಿ ಸುಮಾರು 15 ಲಕ್ಷ ಡಾಲರ್ ಕೊಡಬೇಕಾಯಿತು. ಎನ್‌ಬಿಎಯ ನಿಯಮದ ಪ್ರಕಾರ ಇಂಥ ಹಣದಲ್ಲಿ ತಂಡವು ತನ್ನ ಕೈಯಿಂದ ಕೊಡಬಹುದಾದ ಪಾಲಿಗೆ ಮಿತಿಯಿದೆ. ಮಿಕ್ಕದ್ದು ಆಟಗಾರನ ಸಂಬಳದಿಂದಲೇ ಹೋಗುತ್ತದೆ. ಅಂದರೆ ಕನಸಿನ ಲೀಗ್ ಎಂದು ನಾವು ಕರೆಯುವ ಕಡೆಗೆ ಹೋಗಲು ಆಟಗಾರ ತನ್ನ ಮುಂದಿನ ದುಡಿಮೆಯನ್ನು ಅಡವಿಟ್ಟು ತನ್ನನ್ನು ತಾನೇ ಬಿಡಿಸಿಕೊಳ್ಳಬೇಕಾಗುತ್ತದೆ. ಒರಾಸಿಯೊ ಯಾಮಾಸ್ ಮತ್ತು ಎದ್ವಾರ್ದೊ ನಾಹೆರಾ ಅವರ ನಂತರ ಮೆಕ್ಸಿಕೊದಲ್ಲಿ ಹುಟ್ಟಿ ಆ ಲೀಗ್ ತಲುಪಿದ ಮೂರನೆಯವರು ಆಯೋನ್. ಆದರೆ ಮೊದಲಿನ ಇಬ್ಬರೂ ಅಮೆರಿಕದ ಕಾಲೇಜುಗಳಲ್ಲಿ ಆಡಿ, ಆ ದೇಶದ ಬಾಗಿಲಿನಿಂದಲೇ ಒಳಗೆ ಹೋದವರು. ಗಡಿಯ ಪಕ್ಕದ ದೇಶದಲ್ಲಿ ಹುಟ್ಟಿದ ಈತ ಮಾತ್ರ ಸಾಗರ ದಾಟಿ ಹೋಗಿ, ಸಾಗರ ದಾಟಿ ಬರಬೇಕಾಯಿತು.

ಇಲ್ಲಿ ಇನ್ನೊಬ್ಬ ಮೆಕ್ಸಿಕನ್ನರ ಮಾತು ಬರಲೇಬೇಕು. ಅವರನ್ನು ಬಿಟ್ಟರೆ ಈ ಕಥೆ ಅರ್ಧವಾಗುತ್ತದೆ. ತಮೌಲಿಪಾಸ್ ರಾಜ್ಯದ ಮನುಯೆಲ್ ರಾಗಾ 1968ರ ಮೆಕ್ಸಿಕೊ ನಗರದ ಒಲಿಂಪಿಕ್ಸ್‌ನಲ್ಲಿ ಆಡಿದ ಬಳಿಕ ಇಟಲಿಯ ಇಗ್ನಿಸ್ ವರೇಸೆ ತಂಡ ಸೇರಿದರು. ಆರಡಿ ಎರಡಂಗುಲದ ಆಸುಪಾಸಿನ ಆ ಮನುಷ್ಯ ಎಷ್ಟು ಎತ್ತರಕ್ಕೆ ನೆಗೆಯುತ್ತಿದ್ದರೆಂದರೆ ಇಟಲಿಯ ಜನ ಅವರನ್ನು ಹಾರುವ ಮೆಕ್ಸಿಕನ್ ಎಂದೇ ಕರೆದರು. 1970ರಲ್ಲಿ ಅಟ್ಲಾಂಟಾ ಹಾಕ್ಸ್ ತಂಡ ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಹತ್ತನೆಯ ಸುತ್ತಿನಲ್ಲಿ ರಾಗಾ ಅವರನ್ನು ಆರಿಸಿತು. ಅಮೆರಿಕದ ಕಾಲೇಜಿನ ಮೆಟ್ಟಿಲು ಹತ್ತದ ವಿದೇಶಿಯನ್ನು ಹೀಗೆ ಆರಿಸುವುದು ಆಗ ವಿಚಿತ್ರವೆನಿಸುವಷ್ಟು ಅಪರೂಪ. ಆದರೆ ವರೇಸೆಯಿಂದ ಅವರನ್ನು ಬಿಡಿಸಿಕೊಳ್ಳಲು ಬೇಕಿದ್ದ 35 ಸಾವಿರ ಡಾಲರನ್ನು ಹಾಕ್ಸ್ ಹೊಂದಿಸಲಿಲ್ಲ ಎಂಬುದು ಆ ಕಾಲದಿಂದ ಹೇಳಿಕೊಂಡು ಬಂದ ಮಾತು. ರಾಗಾ ಹೋಗಲಿಲ್ಲ. ಅದೇ 1970ರಲ್ಲಿ ಸರಾಯೆವೊದಲ್ಲಿ ಮಾಸ್ಕೋದ ಸಿಎಸ್‌ಕೆಎ ತಂಡವನ್ನು 79–74ರಿಂದ ಸೋಲಿಸಿದ ವರೇಸೆ ಯುರೋಪಿನ ಚಾಂಪಿಯನ್ ಆಯಿತು. 1972 ಮತ್ತು 1973ರಲ್ಲಿ ಮತ್ತೆ ಗೆದ್ದಿತು. ಎನ್‌ಬಿಎಯ ದಾಖಲೆಯಲ್ಲಿ ರಾಗಾ ಒಂದು ಆಯ್ಕೆ ಸಂಖ್ಯೆ, 167. ಯುರೋಪಿನ ನೆನಪಿನಲ್ಲಿ ಅವರು ಒಂದು ಯುಗ.

ನಲವತ್ತು ವರ್ಷಗಳಲ್ಲಿ ಬಿಡುಗಡೆಯ ಹಣ ಎಷ್ಟೋ ಪಟ್ಟು ಬೆಳೆದಿತ್ತು. ಅದನ್ನು ಕೊಟ್ಟು ಹೋದ ಆಯೋನ್‌ಗೆ ಸಿಕ್ಕಿದ್ದೇನು ಎಂದು ನೋಡಿದರೆ, ಮೊದಲ ಋತು ಕೆಟ್ಟದಾಗಿರಲಿಲ್ಲ. ತನ್ನ ತಾರೆ ಕ್ರಿಸ್ ಪಾಲ್ ಅವರನ್ನು ಬಿಟ್ಟುಕೊಟ್ಟು ಬರಿದಾಗಿದ್ದ ನ್ಯೂ ಆರ್ಲಿಯನ್ಸ್ 66 ಪಂದ್ಯಗಳಲ್ಲಿ 45ನ್ನು ಸೋತಿತು. ಆ ಸೋಲುಗಳ ನಡುವೆ ಆಯೋನ್ 54 ಪಂದ್ಯ ಆಡಿದರು, ಅವುಗಳಲ್ಲಿ 24ರಲ್ಲಿ ಮೊದಲ ಐವರಲ್ಲಿದ್ದರು. ಸೋಲುವ ತಂಡಕ್ಕೆ ಡ್ರಾಫ್ಟ್‌ನಲ್ಲಿ ಒಳ್ಳೆಯ ಜಾಗ ಸಿಗುವುದು ಆ ಲೀಗ್‌ನ ಪದ್ಧತಿ. 2012ರಲ್ಲಿ ಮೊದಲ ಆಯ್ಕೆಯೇ ನ್ಯೂ ಆರ್ಲಿಯನ್ಸ್‌ಗೆ ದಕ್ಕಿ ಆಂಥನಿ ಡೇವಿಸ್ ಬಂದರು. ಡೇವಿಸ್ ಜೊತೆಗೆ ದೂರದಿಂದ ಗುರಿಯಿಡುವ ರಯನ್ ಆಂಡರ್ಸನ್ ಬೇಕೆನಿಸಿತು; ಅವರಿಗೆ ಬದಲಾಗಿ ಆಯೋನ್ ಆರ್ಲ್ಯಾಂಡೊಗೆ ಹೋದರು. 2013ರ ಫೆಬ್ರವರಿ 21ರಂದು, ಆಟಗಾರರ ವಿನಿಮಯದ ಕೊನೆಯ ದಿನ, ಆರ್ಲ್ಯಾಂಡೊ ಅವರನ್ನು ಜೆ.ಜೆ. ರೆಡಿಕ್ ಮತ್ತು ಇಶ್ ಸ್ಮಿತ್ ಜೊತೆ ಮಿಲ್ವಾಕಿಗೆ ಕಳಿಸಿ ಟೊಬಾಯಸ್ ಹ್ಯಾರಿಸ್ ಮುಂತಾದ ಮೂವರನ್ನು ಪಡೆಯಿತು. ಅದೇ ಬೇಸಿಗೆಯಲ್ಲಿ ಮಿಲ್ವಾಕಿ ಕೈಬಿಟ್ಟಿತು, ಅಟ್ಲಾಂಟಾ ಎತ್ತಿಕೊಂಡಿತು.

ಈ ವಿನಿಮಯಗಳ ವರದಿಗಳನ್ನು ಓದುವಾಗ ನನಗೆ ನೆನಪಾಗುವುದು ಸಂತೆಯ ತಕ್ಕಡಿ. ಎರಡೂ ಕಡೆಯ ಸಂಬಳಗಳ ಮೊತ್ತ ಹೆಚ್ಚುಕಡಿಮೆ ಸರಿಹೊಂದಬೇಕೆಂಬ ನಿಯಮವಿರುವುದರಿಂದ, ನಿಜವಾಗಿ ಬೇಕಾದ ಆಟಗಾರನ ಜೊತೆಗೆ ತೂಕ ಸರಿಮಾಡಲು ಇನ್ನೊಬ್ಬರನ್ನೋ ಇಬ್ಬರನ್ನೋ ತಟ್ಟೆಗೆ ಹಾಕುತ್ತಾರೆ. ಮಿಲ್ವಾಕಿಗೆ ಬೇಕಾಗಿದ್ದದ್ದು ರೆಡಿಕ್, ಆರ್ಲ್ಯಾಂಡೊಗೆ ಬೇಕಾಗಿದ್ದದ್ದು ಹ್ಯಾರಿಸ್. ಆಯೋನ್ ತೂಕದ ಕಲ್ಲು. ಇದರಲ್ಲಿ ಯಾರದೂ ದುರುದ್ದೇಶವಿರಲಿಲ್ಲ, ವ್ಯವಹಾರ ನಡೆಯುವುದೇ ಹಾಗೆ. ಆದರೆ ಹೊರಗಿನವರು ಒಬ್ಬ ಆಟಗಾರನ ಯೋಗ್ಯತೆಯನ್ನು ಅಳೆಯುವುದು ಇಂಥ ವ್ಯವಹಾರದ ಪಟ್ಟಿಯಿಂದಲೇ ಎಂಬುದು ನನ್ನ ತಕರಾರು, ಮತ್ತು ಹಾಗೆ ಅಳೆದವರಲ್ಲಿ ನಾನೂ ಒಬ್ಬ.

ಕಾಲೇಜು ದಿನಗಳಲ್ಲಿ, ಉದ್ದವಾಗಿದ್ದೇನೆ ಎಂಬ ಒಂದೇ ಅರ್ಹತೆಯ ಮೇಲೆ, ನಾನು ತಂಡದಲ್ಲಿ ಪೋಸ್ಟ್ ಜಾಗದಲ್ಲಿ, ಅಂದರೆ ಬುಟ್ಟಿಯ ಹತ್ತಿರ, ಆಡುತ್ತಿದ್ದೆ. ನಮ್ಮ ತರಬೇತುದಾರರು ನನ್ನ ಮೇಲೆ ಕೂಗುತ್ತಿದ್ದದ್ದು ಬಹುತೇಕ ಒಂದೇ ಮಾತು: "ಸ್ಕ್ರೀನ್ ಹಾಕಯ್ಯ, ಹಾಕಿ ತಿರುಗು, ನೋಡ್ತಾ ನಿಂತ್ಕೋಬೇಡ!" ಚೆಂಡು ಹಿಡಿದ ಸಂಗಾತಿಯನ್ನು ಬೆನ್ನಟ್ಟುವ ಎದುರಾಳಿಗೆ ಗೋಡೆಯಂತೆ ಅಡ್ಡ ನಿಲ್ಲುವುದು, ಅವನು ಡಿಕ್ಕಿ ಹೊಡೆದ ಕ್ಷಣದಲ್ಲಿಯೇ ತಿರುಗಿ ಬುಟ್ಟಿಯ ಕಡೆ ಓಡುವುದು, ಚೆಂಡು ಬಂದರೆ ಹಾಕುವುದು, ಬಾರದಿದ್ದರೆ ಮತ್ತೆ ಮೇಲೆ ಬಂದು ಇನ್ನೊಂದು ಗೋಡೆಯಾಗುವುದು. ಹತ್ತು ಬಾರಿ ಹೀಗೆ ಮಾಡಿದರೆ ಎರಡು ಬಾರಿ ಚೆಂಡು ಕೈಗೆ ಬರುತ್ತದೆ; ಉಳಿದ ಎಂಟು ಬಾರಿಯ ಡಿಕ್ಕಿ ಯಾವ ಸ್ಕೋರ್‌ಶೀಟ್‌ನಲ್ಲಿಯೂ ಬರೆಯಲ್ಪಡುವುದಿಲ್ಲ. ನಾನು ಆ ಎಂಟನ್ನು ಮೈಗಳ್ಳತನದಿಂದ ತಪ್ಪಿಸಿಕೊಳ್ಳುತ್ತಿದ್ದವನು. ಆದ್ದರಿಂದಲೇ ಆಯೋನ್ ಆಟವನ್ನು ಮೊದಲ ಬಾರಿಗೆ ಪೂರ್ತಿ ನೋಡಿದಾಗ ನನ್ನ ಕಣ್ಣು ನೆಟ್ಟದ್ದು ಆ ಎಂಟರ ಮೇಲೆ. ಅವರು ಗೋಡೆ ಹಾಕುವ ಕೋನ, ಕೊನೆಯ ಕ್ಷಣದಲ್ಲಿ ಅರ್ಧ ಹೆಜ್ಜೆ ಸರಿಯುವ ಜಾಣ್ಮೆ, ಓಡುತ್ತಲೇ ಚೆಂಡು ಹಿಡಿದು, ಹಾರುವ ಮೊದಲೇ ಮೂಲೆಯಲ್ಲಿ ನಿಂತವನಿಗೆ ಅದನ್ನು ದಾಟಿಸಿಬಿಡುವ ಮೃದುವಾದ ಕೈ. ದೂರದ ಹೊಡೆತ ಅವರಲ್ಲಿರಲಿಲ್ಲ, ಫ್ರೀ ಥ್ರೋ ನೋಡುವವರ ಎದೆ ಬಡಿತ ಹೆಚ್ಚಿಸುವಂತಿತ್ತು. ಎತ್ತರದವರೂ ಮೂರು ಅಂಕದ ಗೆರೆಯಾಚೆಯಿಂದ ಗುರಿಯಿಡಬೇಕು ಎಂಬ ಕಡೆಗೆ ಎನ್‌ಬಿಎ ವಾಲುತ್ತಿದ್ದ ವರ್ಷಗಳವು. ಆಂಡರ್ಸನ್‌ಗಾಗಿ ಆಯೋನ್‌ರನ್ನು ಕೊಟ್ಟದ್ದರಲ್ಲಿಯೇ ಆ ವಾಲುವಿಕೆ ಕಾಣುತ್ತದೆ.

ಅಟ್ಲಾಂಟಾದಲ್ಲಿ 2013–14ರ ಚಳಿಗಾಲದಲ್ಲಿ ಅಲ್ ಹಾರ್ಫರ್ಡ್ ಎದೆಯ ಸ್ನಾಯು ಹರಿದುಕೊಂಡು ಹೊರಗುಳಿದಾಗ ಒಂದಿಷ್ಟು ದಿನ ಆಯೋನ್‌ಗೆ ಅವಕಾಶ ತೆರೆಯಿತು. ಫೆಬ್ರವರಿಯಲ್ಲಿ ಅವರ ಭುಜಕ್ಕೇ ಶಸ್ತ್ರಚಿಕಿತ್ಸೆ ಬೇಕಾಯಿತು. ಎನ್‌ಬಿಎಯ ಪುಟದಲ್ಲಿ ಅವರ ಸಾಲು ಅಲ್ಲಿಗೆ ಮುಗಿಯುತ್ತದೆ.

ಆದರೆ ಆ ಪುಟದ ಹೊರಗೆ, ಅದೇ ಅವಧಿಯಲ್ಲಿ, ಬೇರೊಂದು ಬದುಕು ನಡೆದಿತ್ತು. ಮಿಲ್ವಾಕಿ ಕೈಬಿಟ್ಟ ಬೇಸಿಗೆಯ ಕೊನೆಗೆ, 2013ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ವೆನೆಜುವೆಲಾದ ಕರಾಕಾಸ್‌ನಲ್ಲಿ ಅಮೆರಿಕ ಖಂಡಗಳ ಚಾಂಪಿಯನ್‌ಶಿಪ್ ಏರ್ಪಟ್ಟಿತು. ಅದಕ್ಕೆ ಮೆಕ್ಸಿಕೊ ಬಂದದ್ದೇ ಹಿಂಬಾಗಿಲಿನಿಂದ. ಅಮಾನತಾಗಿದ್ದ ಪನಾಮಾದ ಜಾಗ ತೆರವಾಗಿತ್ತು. ಸ್ಪೇನ್‌ನ ಸೆರ್ಹಿಯೊ ವಲ್ದೆಯೋಲ್ಮಿಯೋಸ್ ತರಬೇತುದಾರರು. ಹೋರ್ಹೆ ಗುತಿಯೆರೆಸ್, ಪಾಲ್ ಸ್ಟಾಲ್, ಫ್ರಾನ್ಸಿಸ್ಕೊ ಕ್ರೂಸ್, ಇವರೆಲ್ಲರ ನಡುವೆ ಕಂಬದಂತೆ ಆಯೋನ್. ಬದಲಿಯಾಗಿ ಬಂದ ಈ ತಂಡ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾವನ್ನು ಮಣಿಸಿ, ಸೆಪ್ಟೆಂಬರ್ 11ರ ಫೈನಲ್‌ನಲ್ಲಿ ಪೋರ್ಟೊ ರಿಕೊವನ್ನು 91–89ರಿಂದ ಸೋಲಿಸಿ ಚಿನ್ನ ಗೆದ್ದಿತು. 1974ರ ನಂತರ ಮೊದಲ ಬಾರಿಗೆ ಮೆಕ್ಸಿಕೊಗೆ ವಿಶ್ವಕಪ್ ದಾರಿ ತೆರೆದದ್ದು ಹೀಗೆ. ಮದುವೆಗೆ ಕೊನೆಯ ಗಳಿಗೆಯಲ್ಲಿ ಕರೆಸಿಕೊಂಡ ನೆಂಟರು ಬಂದು ಹಂದರವನ್ನೇ ಎತ್ತಿ ನಿಲ್ಲಿಸಿದಂತೆ.

ಒಂದೇ ವರ್ಷ, ಒಂದೇ ಮೈ, ಒಂದೇ ಆಟ. ಜುಲೈನಲ್ಲಿ ಒಂದು ತಂಡಕ್ಕೆ ಬೇಡವಾಗಿದ್ದ ಆಟಗಾರ ಸೆಪ್ಟೆಂಬರ್‌ನಲ್ಲಿ ಒಂದು ದೇಶದ ನಲವತ್ತು ವರ್ಷಗಳ ಕಾಯುವಿಕೆಯನ್ನು ಮುಗಿಸುತ್ತಾನೆ. ಇದನ್ನು ಪವಾಡವೆಂದು ಬರೆಯುವುದು ಸುಲಭ, ಆದರೆ ತಪ್ಪು. ಅಂತರರಾಷ್ಟ್ರೀಯ ನಿಯಮದ ಆಟದಲ್ಲಿ ಅಂಗಳ ಇಕ್ಕಟ್ಟು, ಮೂರು ಅಂಕದ ಗೆರೆ ಬುಟ್ಟಿಗೆ ಹತ್ತಿರ, ರಕ್ಷಣೆಯ ಆಟಗಾರ ಬುಟ್ಟಿಯ ಮುಂದೆ ಎಷ್ಟು ಹೊತ್ತಾದರೂ ನಿಲ್ಲಬಹುದು, ಒಟ್ಟು ಆಟ 48 ನಿಮಿಷದ ಬದಲು 40 ನಿಮಿಷ. ಹಾರುವ ಬಲಕ್ಕಿಂತ ಜಾಗ ಹುಡುಕುವ ಬುದ್ಧಿ, ತಾನೇ ಮುಗಿಸುವ ಆತುರಕ್ಕಿಂತ ಮುಂದಿನವನಿಗೆ ದಾಟಿಸುವ ಕೈ, ಇವುಗಳಿಗೆ ಅಲ್ಲಿ ಬೆಲೆ ಹೆಚ್ಚು. ಆಯೋನ್ ಆಡುತ್ತಿದ್ದ ಭಾಷೆ ಅಲ್ಲಿ ಆಡುಭಾಷೆ. ಎನ್‌ಬಿಎಯಲ್ಲಿ ಅದಕ್ಕೆ ಪ್ರತಿಬಾರಿ ಅರ್ಥ ಹೇಳಿಕೊಡಬೇಕಿತ್ತು.

ಬಾರ್ಸಿಲೋನಾದ ಪಂದ್ಯ ಮುಗಿದ ಕೆಲವೇ ವಾರಗಳಲ್ಲಿ ರಿಯಲ್ ಮ್ಯಾಡ್ರಿಡ್ ಅವರನ್ನು ಸೇರಿಸಿಕೊಂಡಿತು. ಪಾಬ್ಲೊ ಲಾಸೊ ತರಬೇತಿಯ ಆ ತಂಡ ಹಿಂದಿನ ಎರಡು ವರ್ಷ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಕೂಟವಾದ ಯುರೋಲೀಗ್‌ನ ಫೈನಲ್ ತಲುಪಿ ಎರಡರಲ್ಲಿಯೂ ಸೋತಿತ್ತು. 1995ರ ನಂತರ ಆ ತಂಡಕ್ಕೆ ಯುರೋಪಿನ ಕಿರೀಟ ಸಿಕ್ಕಿರಲಿಲ್ಲ. ಸೆರ್ಹಿಯೊ ರೊಡ್ರಿಗೆಸ್, ಸೆರ್ಹಿಯೊ ಯುಲ್ಲ್, ರೂಡಿ ಫರ್ನಾಂಡೆಸ್, ವಯಸ್ಸಾದರೂ ಬುಟ್ಟಿಯ ಕೆಳಗೆ ಜಾಗ ಬಿಡದ ಫೆಲಿಪೆ ರೆಯೆಸ್, ಹೊಸದಾಗಿ ಬಂದ ಆಂದ್ರೆಸ್ ನೊಸಿಯೋನಿ. ಓಡುವವರಿಗೆ, ಹೊಡೆಯುವವರಿಗೆ ಕೊರತೆಯಿರಲಿಲ್ಲ. ಗೋಡೆಯಾಗಿ ನಿಂತು, ತಿರುಗಿ, ಹಿಡಿದು, ದಾಟಿಸುವವರು ಬೇಕಿದ್ದರು. ರೊಡ್ರಿಗೆಸ್ ಮತ್ತು ಆಯೋನ್ ಸೇರಿ ಆಡಿದ ಪಿಕ್ ಅಂಡ್ ರೋಲ್, ಅಂದರೆ ಆ ಗೋಡೆ ಹಾಕಿ ತಿರುಗುವ ಆಟ, ನೋಡುವಾಗ, ಇಬ್ಬರು ಹಳೆಯ ಗೆಳೆಯರು ಅರ್ಧ ವಾಕ್ಯದಲ್ಲಿಯೇ ಮಾತು ಮುಗಿಸುವುದನ್ನು ಪಕ್ಕದಲ್ಲಿ ಕುಳಿತು ಕೇಳಿದಂತಾಗುತ್ತದೆ. 2015ರ ಮೇ 17ರಂದು ತಮ್ಮದೇ ನಗರದಲ್ಲಿ ಒಲಿಂಪಿಯಾಕೊಸ್ ತಂಡವನ್ನು 78–59ರಿಂದ ಸೋಲಿಸಿ ಮ್ಯಾಡ್ರಿಡ್ ಒಂಬತ್ತನೆಯ ಬಾರಿ ಯುರೋಪಿನ ಚಾಂಪಿಯನ್ ಆಯಿತು. ಅದೇ ಋತುವಿನಲ್ಲಿ ಸ್ಪೇನ್‌ನ ಲೀಗ್, ರಾಜನ ಕಪ್, ಸೂಪರ್ ಕಪ್ ಕೂಡ ಅವರಿಗೇ ದಕ್ಕಿದವು. ಮರುವರ್ಷದ ರಾಜನ ಕಪ್‌ನಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದದ್ದು ಆಯೋನ್. 2018ರಲ್ಲಿ ಬೆಲ್‌ಗ್ರೇಡ್‌ನಲ್ಲಿ, ಲುಕಾ ಡಾಂಚಿಚ್ ಎಂಬ ಹತ್ತೊಂಬತ್ತರ ಹುಡುಗನ ಜೊತೆ, ಫೆನೆರ್‌ಬಾಹ್ಚೆ ವಿರುದ್ಧ 85–80ರಿಂದ ಎರಡನೆಯ ಯುರೋಲೀಗ್. ಆಯೋನ್‌ಗೆ ಆ ಋತುವಿನ ಬಹುಭಾಗ ಭುಜದ ನೋವಿನಲ್ಲಿಯೇ ಕಳೆದಿತ್ತು.

ಮ್ಯಾಡ್ರಿಡ್‌ನ ಐದು ಋತುಗಳ ಬಗ್ಗೆ ಬರೆಯುವ ಇಂಗ್ಲಿಷ್ ವರದಿಗಳಲ್ಲಿ ಅವರನ್ನು ಸಾಮಾನ್ಯವಾಗಿ ಎನ್‌ಬಿಎಯ ಮಾಜಿ ಆಟಗಾರ ಎಂದೇ ಪರಿಚಯಿಸುತ್ತಾರೆ. ಅವರು ಯುರೋಪಿಗೆ ಹಿಂದಿರುಗಿದರು ಎಂದು ಬರೆಯುತ್ತಾರೆ. ಹಿಂದಿರುಗುವುದು ಎಂಬ ಕ್ರಿಯಾಪದದಲ್ಲಿ ಒಂದು ಸೋಲಿನ ವಾಸನೆ ಇದೆ. ಪಟ್ಟಣಕ್ಕೆ ಹೋದವನು ಊರಿಗೆ ಬಂದಾಗ ಜಗಲಿಯ ಮೇಲೆ ಕುಳಿತವರು ಕೇಳುವ ಪ್ರಶ್ನೆಯ ವಾಸನೆ ಅದು. ನನಗೆ ಅನಿಸುವುದು ಬೇರೆ. ಮೂರು ವರ್ಷ ಪ್ರವಾಸದಲ್ಲಿದ್ದವರು ಕೆಲಸಕ್ಕೆ ಮರಳಿದರು. ಗೆದ್ದ ಕಪ್‌ಗಳ ಲೆಕ್ಕ ಹಾಕಿ ನಾನು ಈ ಮಾತು ಹೇಳುತ್ತಿಲ್ಲ. ಆ ಅಂಗಳದಲ್ಲಿ ಅವರ ಎಂಟು ಡಿಕ್ಕಿಗಳನ್ನು ಎಣಿಸುವವರಿದ್ದರು, ಅಷ್ಟೇ.

ಹಾಗೆಂದು ಎಲ್ಲವೂ ಚಿನ್ನವಾಯಿತು ಎಂದೇನಲ್ಲ. 2015ರಲ್ಲಿ ಮೆಕ್ಸಿಕೊ ನಗರದಲ್ಲಿಯೇ ನಡೆದ ಅಮೆರಿಕ ಖಂಡಗಳ ಚಾಂಪಿಯನ್‌ಶಿಪ್‌ನಲ್ಲಿ ಮೊದಲ ಎರಡು ಸ್ಥಾನಗಳಿಗೆ ರಿಯೊ ಒಲಿಂಪಿಕ್ಸ್‌ನ ನೇರ ಅವಕಾಶವಿತ್ತು. ಆತಿಥೇಯರು ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾಗೆ, ಕಂಚಿನ ಪಂದ್ಯದಲ್ಲಿ ಕೆನಡಾಗೆ ಒಂದೇ ಒಂದು ಅಂಕದಿಂದ, 87–86ರಲ್ಲಿ ಸೋತರು. ಮರುವರ್ಷ ಇಟಲಿಯ ಟ್ಯುರಿನ್‌ನಲ್ಲಿ ಕೊನೆಯ ಅರ್ಹತಾ ಕೂಟವೂ ಕೈಕೊಟ್ಟಿತು. ಮೆಕ್ಸಿಕೊ ಪುರುಷರ ತಂಡ ಕೊನೆಯದಾಗಿ ಒಲಿಂಪಿಕ್ಸ್ ಆಡಿದ್ದು 1976ರಲ್ಲಿ, ರಾಗಾ ಅವರ ಕಾಲದಲ್ಲಿ. ಆ ಬಾಗಿಲು ಆಯೋನ್‌ಗೆ ತೆರೆಯಲಿಲ್ಲ. 2019ರಲ್ಲಿ ಅವರು ರಷ್ಯಾದ ಜೆನಿತ್ ಸೇಂಟ್ ಪೀಟರ್ಸ್‌ಬರ್ಗ್ ತಂಡ ಸೇರಿದರು, ಆ ಋತುವನ್ನು ಕೊರೊನಾ ಅರ್ಧಕ್ಕೆ ನಿಲ್ಲಿಸಿತು. ಆಮೇಲಿನ ವರ್ಷಗಳಲ್ಲಿ ಮೆಕ್ಸಿಕೊದಲ್ಲಿ ಆಡಿದರು.

ಆದರೆ ನಾನು ಮತ್ತೆ ಮತ್ತೆ ಹೋಗಿ ನೋಡುವುದು ಮ್ಯಾಡ್ರಿಡ್‌ನ ವೀಡಿಯೊಗಳನ್ನಲ್ಲ, ಬಾರ್ಸಿಲೋನಾದ ಆ 25 ಅಂಕಗಳನ್ನೂ ಅಲ್ಲ. 2014ರ ಆಗಸ್ಟ್‌ನ ಮೊದಲ ವಾರದಲ್ಲಿ ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದೇಶಗಳ ಸೆಂಟ್ರೊಬ್ಯಾಸ್ಕೆಟ್ ಕೂಟ ನಯಾರಿತ್‌ನ ರಾಜಧಾನಿ ತೆಪಿಕ್‌ನಲ್ಲಿ ನಡೆಯಿತು. ಅವರ ಸ್ವಂತ ರಾಜ್ಯ, ಸಪೋತಾನ್‌ನಿಂದ ಬಸ್ಸು ಹತ್ತಿ ಬರಬಹುದಾದಷ್ಟು ಹತ್ತಿರದ ಊರು. ಶಸ್ತ್ರಚಿಕಿತ್ಸೆಯಾದ ಭುಜಕ್ಕೆ ಇನ್ನೂ ಆರು ತಿಂಗಳಾಗಿರಲಿಲ್ಲವೋ, ಆಗಷ್ಟೇ ಆಗಿತ್ತೋ. ಕೈಯಲ್ಲಿ ಒಪ್ಪಂದವಿಲ್ಲದ ಆಟಗಾರನಿಗೆ ಗಾಯದ ಭಯ ಎಲ್ಲರಿಗಿಂತ ಹೆಚ್ಚಿರಬೇಕು. ಅಂಥ ಬೇಸಿಗೆಯಲ್ಲಿ ರಾಷ್ಟ್ರೀಯ ತಂಡಕ್ಕೆ ನಯವಾಗಿ ಇಲ್ಲವೆನ್ನುವವರೇ ಬಹಳ. ಆಯೋನ್ ಆಡಿದರು, ಫೈನಲ್‌ನಲ್ಲಿ ಪೋರ್ಟೊ ರಿಕೊವನ್ನು ಸೋಲಿಸಿ ಮೆಕ್ಸಿಕೊ ಚಿನ್ನ ಗೆದ್ದಿತು. ನಯಾರಿತ್‌ನ ದೈತ್ಯ ಎಂಬ ಅಡ್ಡಹೆಸರಿನ ಆ ಮನುಷ್ಯ ನಯಾರಿತ್‌ನ ನೆಲದಲ್ಲಿಯೇ ಗೋಡೆಯಾಗಿ ನಿಂತು, ತಿರುಗಿ, ಓಡಿ, ಮತ್ತೆ ಬಂದು ನಿಲ್ಲುತ್ತಿದ್ದರು. ಬಾರ್ಸಿಲೋನಾದ ಪಂದ್ಯಕ್ಕೆ ಇನ್ನೂ ಒಂದು ತಿಂಗಳಿತ್ತು. ಮ್ಯಾಡ್ರಿಡ್‌ನ ಒಪ್ಪಂದ ಅದಕ್ಕೂ ಆಚೆಗಿತ್ತು.